ಸಮ್ಮಟಿಗೆ ಹಿಡಿದ ಕೈಗೆ ಮದುವೆಯ ಪತ್ರ

ದಿಲ್ಲಿಯ ಮಯೂರ್ ವಿಹಾರ್‌ನಲ್ಲಿ ನೆಲೆಸಿದ ಕನ್ನಡಿಗರಿಗೆ ಗಾಡಿಯಾ ಲೋಹಾರರು ಅಪರಿಚಿತರಲ್ಲ. ದಿಲ್ಲಿಯ ರಸ್ತೆ ಬದಿಗಳಲ್ಲಿ ತವೆ, ಚಿಮಟ, ಕೊಡಲಿ ಹರಡಿಕೊಂಡು ಕುಲುಮೆ ಹೂಡುವ ಅಲೆಮಾರಿ ಕಮ್ಮಾರರು ಇವರೇ. ಗಂಡ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಅಡಿಗಲ್ಲಿನ ಮುಂದೆ ಕೂತಿರುತ್ತಾನೆ. ಎದುರು ನಿಂತು, ತಲೆಯ ಮೇಲಿಂದ ಸಮ್ಮಟಿಗೆ ಬೀಸುವವಳು ಹೆಂಡತಿ. ಬಾಣಂತನ ಮುಗಿಸಿ ಬಂದವಳೂ ಸೊಸೆಯಾಗಿ ಬಂದ ಎಳೆ ಹುಡುಗಿಯೂ ಇದೇ ಕೆಲಸಕ್ಕೆ ನಿಲ್ಲುತ್ತಾರೆ.

1568ರಲ್ಲಿ ಚಿತ್ತೋಡ ಅಕ್ಬರನ ವಶವಾದಾಗ, ಕೋಟೆ ಮರಳಿ ಸಿಗುವವರೆಗೆ ಮನೆಯಲ್ಲಿ ವಾಸಿಸುವುದಿಲ್ಲ, ಮಂಚದ ಮೇಲೆ ಮಲಗುವುದಿಲ್ಲ ಎಂದು ಪೂರ್ವಿಕರು ಪಣ ತೊಟ್ಟರೆಂಬುದು ಇವರ ನಂಬಿಕೆ. 1955ರ ಏಪ್ರಿಲ್ 6ರಂದು ನೆಹರೂ ಇವರನ್ನು ಕೋಟೆಯೊಳಗೆ ಕರೆದೊಯ್ದರು. ಪಣ ಅಂದಿಗೆ ಮುಗಿಯಿತು, ಮನೆ ಮಾತ್ರ ಬಹುಪಾಲು ಜನರಿಗೆ ಸಿಗಲಿಲ್ಲ.

ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಯುರೋಪಿನತ್ತ ಹೊರಟ ರೋಮಾ ಜನರೂ ಲೋಹಾರರೂ ಒಂದೇ ಕುಲವೆಂದು ನಾನು ಹೇಳಲಾರೆ. ಆದರೆ ಅಲೆಮಾರಿ ಹೆಣ್ಣಿನ ಪಾಡು ಎಲ್ಲೆಡೆ ಒಂದೇ ಬಗೆಯದು. ರೋಮಾಗಳ ಕಲ್ದೆರಾಶ್ ಪಂಗಡದಲ್ಲಿ ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತರುತ್ತಾರೆ. ಬಂದ ಸೊಸೆ ಅತ್ತೆಯ ಆಜ್ಞೆಯಲ್ಲಿ ದುಡಿಯುತ್ತಾಳೆ. ಅವರ ನ್ಯಾಯಪಂಚಾಯ್ತಿ 'ಕ್ರಿಸ್'ನಲ್ಲಿ ಸಾಂಪ್ರದಾಯಿಕವಾಗಿ ಕೂರುವವರು ಗಂಡಸರೇ. ನಮ್ಮ ಲಂಬಾಣಿ ತಾಂಡಾಗಳಲ್ಲೂ ನಾಯಕ, ಕಾರಭಾರಿ ಪಟ್ಟ ಗಂಡಸರಿಗೇ ಸಲ್ಲುತ್ತಿತ್ತು. ಅಲ್ಲಿಯೂ ತೆರ ಕೊಡುವ ಪದ್ಧತಿ ಇತ್ತು. ತಾಂಡಾ ನೆಲೆನಿಂತ ಮೇಲೆ ಅದು ಹೋಗಿ ವರದಕ್ಷಿಣೆ ಬಂತು. ದುಡಿಯುವ ಹೆಣ್ಣನ್ನೇ ಹೊರೆಯೆಂದು ಎಣಿಸಿದ ಈ ತಿರುವು ನನಗೆ ಅತ್ಯಂತ ನೋವಿನದು.

ಸಮುದಾಯದೊಳಗಷ್ಟೇ ಅಲ್ಲ, ಸರ್ಕಾರದ ಮುಂದೆಯೂ ಇಂಥ ಹೆಣ್ಣಿಗೆ ಅಡ್ಡಿಗಳಿವೆ. ಸ್ಪೇನಿನ ಮರಿಯಾ ಲೂಯಿಸಾ ಮುನ್ಯೋಸ್ ದಿಯಾಸ್ 1971ರಲ್ಲಿ ರೋಮಾ ಪದ್ಧತಿಯಂತೆ ಮದುವೆಯಾದವರು. ಆರು ಮಕ್ಕಳ ತಾಯಿ. ಸರ್ಕಾರವೇ ಇವರಿಗೆ ಕುಟುಂಬದ ದಾಖಲೆ ಪುಸ್ತಕ ಕೊಟ್ಟಿತ್ತು, ಗಂಡನಿಂದ 19 ವರ್ಷ ಸಾಮಾಜಿಕ ಭದ್ರತೆಯ ವಂತಿಗೆ ಪಡೆದಿತ್ತು. 2000ದಲ್ಲಿ ಆತ ತೀರಿಕೊಂಡಾಗ ಮಾತ್ರ, ನೋಂದಣಿಯಿಲ್ಲದ ಮದುವೆ ಮದುವೆಯಲ್ಲವೆಂದು ವಿಧವಾ ಪಿಂಚಣಿ ನಿರಾಕರಿಸಿತು. 2009ರ ಡಿಸೆಂಬರ್ 8ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯವೆಂದು ತೀರ್ಪಿತ್ತು, 70,000 ಯೂರೋ ಕೊಡಿಸಿತು. ಸಮುದಾಯದ ಮದುವೆಗಳನ್ನೆಲ್ಲ ದೇಶಗಳು ಮಾನ್ಯ ಮಾಡಲೇಬೇಕೆಂದು ಅದು ಹೇಳಲಿಲ್ಲ. ಅಷ್ಟು ವರ್ಷ ಸಂಸಾರವೆಂದು ಒಪ್ಪಿ ಕೊನೆಗೆ ಕೈಬಿಟ್ಟದ್ದನ್ನು ಖಂಡಿಸಿತು.

ನಮ್ಮಲ್ಲಿ ಕಾನೂನು ಇನ್ನೂ ಉದಾರವಾಗಿದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ವಧು ಅಥವಾ ವರನ ಕಡೆಯ ರೂಢಿಯ ಶಾಸ್ತ್ರವನ್ನು ಒಪ್ಪುತ್ತದೆ. ನೋಂದಣಿಯಿಲ್ಲವೆಂದು ಮದುವೆ ಅಸಿಂಧುವಾಗದು. ಆದರೂ ಪಿಂಚಣಿಗೋ ಮನೆ ಹಂಚಿಕೆಗೋ ಹೋದವಳನ್ನು ಗುಮಾಸ್ತ ಕೇಳುವುದು ಕಾಗದವನ್ನೇ. ದಿಲ್ಲಿಯಲ್ಲಿ 2014ರಿಂದ ಮದುವೆ ನೋಂದಣಿ ಕಡ್ಡಾಯ, ಗಡುವು 60 ದಿನ. ಫ್ಲ್ಯಾಟಿನ ನವದಂಪತಿಗೆ ಇದು ಸಲೀಸು. ವಿಳಾಸವೇ ಇಲ್ಲದ ರಸ್ತೆ ಬದಿಯ ಜೋಡಿಗೆ ಮೊದಲ ಅರ್ಜಿಯಲ್ಲೇ ಅಡ್ಡಿ.

ಉಪವಿಭಾಗಾಧಿಕಾರಿ ಕಚೇರಿ ಗಾಡಿಯಾ ಲೋಹಾರರ ಬಿಡಾರಗಳಿಗೇ ಬಂದು ಮದುವೆ ನೋಂದಾಯಿಸಬೇಕು. ಪುನರ್ವಸತಿಯ ಮನೆಯ ಪತ್ರದಲ್ಲಿ ಹೆಂಡತಿಯ ಹೆಸರೂ ಇರಬೇಕು. ಮಯೂರ್ ವಿಹಾರ್‌ನ ಕನ್ನಡಿಗರಲ್ಲಿ ವಕೀಲರು, ನಿವೃತ್ತ ಅಧಿಕಾರಿಗಳು ಯಾರಿದ್ದರೂ ಒಂದು ಭಾನುವಾರ ಬಿಡುವು ಮಾಡಿಕೊಂಡು ಇವರ ಅರ್ಜಿಗಳನ್ನು ತುಂಬಿಕೊಡಿ.