ಪ್ರಯೋಗಾಲಯಕ್ಕೊಬ್ಬ ಸುರಕ್ಷಾ ಪಾಲಕ

ಸಾವಳಗಿ, ಜಮಖಂಡಿ, ಮುಧೋಳ ಸೀಮೆಯ ಹಿರಿಯರಿಗೆ ಹಗೇವಿನ ಪರಿಚಯವುಂಟು. ನೆಲದಲ್ಲಿ ತೋಡಿದ ಆ ಕಣಜದೊಳಗೆ ಜೋಳವನ್ನು ತುಂಬಿ ಬಾಯಿ ಮುಚ್ಚಿದರೆ ಬಹುಕಾಲ ಕೆಡದೆ ಉಳಿಯುತ್ತಿತ್ತು. ಆದರೆ ಬಾಯಿ ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಗಾಳಿಯಾಡಲು ಬಿಡಬೇಕು. ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸಬೇಕು. ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಮುಚ್ಚಿಟ್ಟ ಕಾಳು ಪ್ರಾಣವಾಯುವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆಂಬ ಶಾಸ್ತ್ರ ಅವರಿಗೆ ತಿಳಿದಿರಲಿಕ್ಕಿಲ್ಲ. ಆದರೆ ದಂಡೆಯ ಮೇಲೆ ನಿಂತು "ತಡಿಯಪ್ಪಾ, ಈಗ ಇಳಿಯಬ್ಯಾಡ" ಎಂದು ಹೇಳುವ ಒಬ್ಬ ಹಿರಿಯ ಅಲ್ಲಿರುತ್ತಿದ್ದ. ಆತನ ಮಾತನ್ನು ಯಾರೂ ಮೀರುತ್ತಿರಲಿಲ್ಲ.

ಇಂದು ನಮ್ಮ ಮನೆತನಗಳ ಮಕ್ಕಳು ಬೆಂಗಳೂರು, ಧಾರವಾಡ, ಹೈದರಾಬಾದುಗಳ ಸಂಶೋಧನಾ ಕೇಂದ್ರಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಯೂ ಅಂತಹ ಹಿರಿಯನೊಬ್ಬನ ಅವಶ್ಯಕತೆಯಿದೆ. ಆತನನ್ನೇ ಸುರಕ್ಷಾ ಪಾಲಕ ಅಥವಾ ಸೇಫ್ಟಿ ವಾರ್ಡನ್ ಎಂದು ಕರೆಯುತ್ತಾರೆ.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ದುರ್ಘಟನೆಯನ್ನು ಓದುಗರು ಮರೆತಿರಲಾರರು. ವೈಮಾಂತರಿಕ್ಷ ವಿಭಾಗದ ಆಘಾತ ತರಂಗಗಳ ಪ್ರಯೋಗಾಲಯದಲ್ಲಿ ಜಲಜನಕದ ಸಿಲಿಂಡರ್ ಸ್ಫೋಟಿಸಿತೆಂದು ವರದಿಯಾಯಿತು. ಒಬ್ಬ ಸಂಶೋಧಕರು ಸ್ಥಳದಲ್ಲೇ ಅಸುನೀಗಿದರು, ಮೂವರು ಗಾಯಗೊಂಡರು. 1909ರಲ್ಲಿ ಸ್ಥಾಪಿತವಾದ, ದೇಶಕ್ಕೇ ಹೆಮ್ಮೆಯೆನಿಸಿದ ವಿದ್ಯಾಕೇಂದ್ರದಲ್ಲಿ ಇಂತಹುದು ಸಂಭವಿಸಿದ್ದು ಎಲ್ಲರಿಗೂ ಎಚ್ಚರಿಕೆಯ ಗಂಟೆಯಾಯಿತು. ಮಡಿದವರು ಆ ಪ್ರಾಂಗಣದಲ್ಲೇ ಬೆಳೆದ ಒಂದು ಖಾಸಗಿ ಕಂಪನಿಯ ಪರವಾಗಿ ದುಡಿಯುತ್ತಿದ್ದವರು. ಒಂದೇ ಸೂರಿನಡಿ ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಕಂಪನಿಯವರು, ಗುತ್ತಿಗೆಯ ಕೆಲಸಗಾರರು, ಕಸಗುಡಿಸುವ ತಾಯಂದಿರು ಎಲ್ಲರೂ ಇರುತ್ತಾರೆ. ಬೆಂಕಿಗೆ ಮಾತ್ರ ಯಾರು ಯಾರ ನೌಕರರೆಂಬ ಭೇದವಿಲ್ಲ.

ಜಲಜನಕವು ಗಾಳಿಯಲ್ಲಿ ನೂರಕ್ಕೆ 4 ಭಾಗ ಬೆರೆತರೂ ಹೊತ್ತಿಕೊಳ್ಳಬಲ್ಲದು; ಅದಕ್ಕೆ ವಾಸನೆಯಿಲ್ಲ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ದ್ರವ ಸಾರಜನಕವು ಆವಿಯಾದಾಗ ಸುಮಾರು 700 ಪಟ್ಟು ಹಿಗ್ಗಿ ಕೋಣೆಯ ಪ್ರಾಣವಾಯುವನ್ನು ಹೊರದೂಡುತ್ತದೆ. ಅದು ಹಗೇವಿನ ಅಪಾಯದ ಇನ್ನೊಂದು ರೂಪವೇ ಸರಿ. ಇಂತಹ ಕಾಣದ ಶತ್ರುಗಳ ನಡುವೆ ಪದವಿಯೊಂದೇ ಮನುಷ್ಯನನ್ನು ಕಾಯಲಾರದು.

ಪಾಲಕರ ವ್ಯವಸ್ಥೆ ಹೇಗಿರಬೇಕು? ಪ್ರತಿ ಮಹಡಿಗೆ, ಪ್ರತಿ ಪ್ರಯೋಗಾಲಯಕ್ಕೆ ಒಬ್ಬರನ್ನು ನೇಮಿಸಬೇಕು. ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳಲು ಇನ್ನೊಬ್ಬರಿರಬೇಕು. ದಿನವೂ ಅಲ್ಲಿಯೇ ಇರುವ ತಂತ್ರಜ್ಞರಾಗಲಿ ಸಹಾಯಕರಾಗಲಿ ಈ ಹೊಣೆಗೆ ಹೆಚ್ಚು ತಕ್ಕವರು. ಸಿಲಿಂಡರುಗಳನ್ನು ಸರಪಳಿಯಿಂದ ಗೋಡೆಗೆ ಬಿಗಿದಿದೆಯೇ, ಹೊರಹೋಗುವ ದಾರಿಯಲ್ಲಿ ಪೆಟ್ಟಿಗೆಗಳನ್ನು ಪೇರಿಸಿಲ್ಲವೇ, ಕಣ್ಣು ತೊಳೆಯುವ ನಳದಲ್ಲಿ ನೀರು ಬರುತ್ತಿದೆಯೇ, ವಿದ್ಯುತ್ತಿನ ಬೆಂಕಿಗೆ ಯಾವ ನಂದಿಸುವ ಸಾಧನ ಎಂಬುದು ಎಲ್ಲರಿಗೂ ಗೊತ್ತಿದೆಯೇ ಎಂದು ಅವರು ವಾರಕ್ಕೊಮ್ಮೆ ನೋಡಬೇಕು. ಗಂಟೆ ಬಾರಿಸಿದಾಗ ಎಲ್ಲರನ್ನೂ ಹೊರತಂದು, ಗೊತ್ತುಪಡಿಸಿದ ಬಯಲಿನಲ್ಲಿ ತಲೆ ಎಣಿಸಬೇಕು. ಅಂದು ಬಂದ ಅತಿಥಿಯ, ಗುತ್ತಿಗೆಯ ಕೆಲಸಗಾರನ ಹೆಸರೂ ಆ ಪಟ್ಟಿಯಲ್ಲಿರಬೇಕು. ಒಳಗೆ ಯಾರೋ ಉಳಿದರೆಂದು ತಿಳಿದರೆ ತಾವೇ ನುಗ್ಗದೆ ಅಗ್ನಿಶಾಮಕ ದಳಕ್ಕೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ವಿಷಗಾಳಿಯ ಗುಂಡಿಯಲ್ಲಿ ಒಬ್ಬನನ್ನು ಉಳಿಸಲು ಹೋದ ಇನ್ನೊಬ್ಬನೂ ಜೀವ ತೆತ್ತ ಸುದ್ದಿಗಳನ್ನು ನಾವು ಆಗಾಗ ಓದುತ್ತಲೇ ಇದ್ದೇವೆ.

ಆದರೆ ತಪಾಸಣೆ ಮಾಡಿ ಬರೆದಿಟ್ಟ ಮಾತ್ರಕ್ಕೆ ಕೆಲಸ ಮುಗಿಯದು. 2008ರ ಡಿಸೆಂಬರ್ 29ರಂದು ಅಮೆರಿಕೆಯ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಹಾಯಕಿಯೊಬ್ಬಳ ಬಟ್ಟೆಗೆ, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ರಾಸಾಯನಿಕದಿಂದ ಬೆಂಕಿ ತಗುಲಿತು. ಮೈಮೇಲೆ ರಕ್ಷಣೆಯ ಕೋಟಿರಲಿಲ್ಲ. ಸುಮಾರು ಎರಡೂವರೆ ವಾರ ನರಳಿ ಆಕೆ ತೀರಿಕೊಂಡಳು. ಆ ಪ್ರಯೋಗಾಲಯದಲ್ಲಿ ಕೋಟು ಧರಿಸುತ್ತಿಲ್ಲವೆಂದು ತಪಾಸಣೆಗಾರರು ಅದೇ ವರ್ಷದ ಅಕ್ಟೋಬರಿನಲ್ಲಿಯೇ ಬರೆದಿದ್ದರು. ಬರೆಹ ಕಾಗದದಲ್ಲಿ ಉಳಿಯಿತು, ಜೀವ ಹೋಯಿತು. ಆದ್ದರಿಂದ ಪಾಲಕರು ಕಂಡ ಕೊರತೆಗೆ ಸರಿಪಡಿಸುವವರ ಹೆಸರನ್ನೂ ದಿನಾಂಕವನ್ನೂ ಎದುರಿಗೆ ಬರೆಯಬೇಕು. ಆ ದಿನ ಮತ್ತೆ ಹೋಗಿ ನೋಡಬೇಕು.

ಬಳಸದೆ ಮೂಲೆಗೆ ಸೇರಿದ ವಸ್ತುಗಳ ಮೇಲೂ ಕಣ್ಣಿರಬೇಕು. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ವಿಕಿರಣ ಯಂತ್ರವೊಂದನ್ನು 2010ರಲ್ಲಿ ಹರಾಜು ಹಾಕಲಾಯಿತು. ಅದರೊಳಗಿದ್ದ ಕೋಬಾಲ್ಟ್ ಮಾಯಾಪುರಿಯ ಗುಜರಿ ಅಂಗಡಿಗಳಿಗೆ ತಲುಪಿ, ವಿಕಿರಣದ ಅರಿವೇ ಇಲ್ಲದ ಬಡ ಕೆಲಸಗಾರನೊಬ್ಬ ಬಲಿಯಾದ.

ಪಾಲಕನ ನಿಜವಾದ ಕಷ್ಟ ಬೇರೆಯೇ ಇದೆ. ಕಿರಿಯ ತಂತ್ರಜ್ಞನೊಬ್ಬ ಹಿರಿಯ ವಿಜ್ಞಾನಿಗೆ "ಈ ಪ್ರಯೋಗವನ್ನು ಈಗ ನಿಲ್ಲಿಸಿರಿ" ಎಂದು ಹೇಳುವುದು ಸುಲಭವಲ್ಲ. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಅವನ ಬೆನ್ನಿಗೆ ನಿಲ್ಲದಿದ್ದರೆ ಅವನ ಕೈಪಟ್ಟಿ ಬರಿಯ ಅಲಂಕಾರ. ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನು ವರದಿ ಮಾಡಿದವನಿಗೆ ದಂಡನೆಯಾದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. 1984ರ ಭೋಪಾಲ ದುರಂತದ ತರುವಾಯ 1987ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೂ ಆಡಳಿತದವರಿಗೂ ಸಮಾನ ಸ್ಥಾನ ಕೊಟ್ಟದ್ದು ಇದೇ ವಿವೇಕದಿಂದ. ನಮ್ಮ ಮುಧೋಳ ತಾಲ್ಲೂಕಿನ ಕುಳಲಿಯ ಬಳಿ 2018ರ ಡಿಸೆಂಬರಿನಲ್ಲಿ ಸಕ್ಕರೆ ಕಾರ್ಖಾನೆಯೊಂದರಲ್ಲಿ ನಡೆದ ಸ್ಫೋಟ ಕಾರ್ಮಿಕರ ಜೀವಗಳನ್ನು ಬಲಿತೆಗೆದುಕೊಂಡಿತು. ವಿಜ್ಞಾನ ಸಂಸ್ಥೆಯ ಅವಘಡವೂ ಅದೇ ತಿಂಗಳಿನದು. ಪ್ರಯೋಗಾಲಯಕ್ಕೂ ಕಾರ್ಖಾನೆಗೂ ಎಚ್ಚರದ ಪಾಠ ಒಂದೇ.

ಜಮಖಂಡಿ ಸೀಮೆಯ ರೈತರು ಸರಕಾರದ ಹಾದಿ ಕಾಯದೆ, ತಮ್ಮ ದುಡ್ಡು ಮತ್ತು ಬೆವರಿನಿಂದ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿ 1989ರಲ್ಲಿ ನೀರು ನಿಲ್ಲಿಸಿದರು. ಶ್ರಮಬಿಂದು ಸಾಗರವೆಂಬ ಅದರ ಹೆಸರೇ ಅದರ ಕಥೆಯನ್ನು ಹೇಳುತ್ತದೆ. ಎಲ್ಲರಿಗೂ ಬೇಕಾದುದನ್ನು ಎಲ್ಲರೂ ಸೇರಿ ಕಾಪಾಡುವ ಸಂಸ್ಕಾರ ಈ ಮಣ್ಣಿಗೆ ಹೊಸದಲ್ಲ. ಕಾಯಕವನ್ನು ಪೂಜ್ಯವೆಂದು ಬಗೆದ ಸಮಾಜಕ್ಕೆ ಕಾಯಕ ಮಾಡುವವರ ಕಾಯವೂ ಪೂಜ್ಯವಾಗಬೇಕು.

ಮಗನೋ ಮಗಳೋ ಸಂಶೋಧನೆಗೆಂದು ಹೊರಟಾಗ ತಾಯಿತಂದೆಗಳು ಸಂಬಳ, ವಸತಿ, ಊಟಗಳನ್ನು ವಿಚಾರಿಸುತ್ತಾರೆ. ಅದರೊಂದಿಗೆ ಇನ್ನೂ ಮೂರು ಮಾತುಗಳನ್ನು ಕೇಳಬೇಕು: ನಿಮ್ಮ ಪ್ರಯೋಗಾಲಯದ ಸುರಕ್ಷಾ ಪಾಲಕರು ಯಾರು? ರಾತ್ರಿ ಒಬ್ಬರೇ ಕೆಲಸ ಮಾಡುವಿರಾ? ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ನಿಮಗುಂಟೇ? ಈ ಪ್ರಶ್ನೆಗಳಿಗೆ ಉತ್ತರ ಬಾರದಿದ್ದರೆ, ಅದನ್ನು ತಮ್ಮ ಹಿರಿಯರಲ್ಲಿ ಕೇಳಿ ತಿಳಿಯುವಂತೆ ಮಕ್ಕಳಿಗೆ ಹೇಳುವುದು ಹೆತ್ತವರ ಕರ್ತವ್ಯ.