ಹತ್ತು ಮೀಟರ್ ಕಳೆದುಕೊಂಡ ಬೆಳಕು

ನಿರ್ವಾತದಲ್ಲಿ ಬೆಳಕು ಸೆಕೆಂಡಿಗೆ 299792458 ಮೀಟರ್ ಸಾಗುತ್ತದೆ. 1983ರಿಂದ ಮೀಟರಿನ ವ್ಯಾಖ್ಯೆಯೇ ಈ ಅಂಕಿಯ ಮೇಲೆ ನಿಂತಿದೆ. ಇದರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುವಂತಿಲ್ಲ. ಆದರೆ ಇದನ್ನು ಸಿ ಭಾಷೆಯ ಕಡತದಿಂದ ಎತ್ತಿ ಫೋರ್ಟ್ರಾನ್ ಪ್ರೋಗ್ರಾಮಿನಲ್ಲಿ ಇದ್ದ ಹಾಗೇ ಅಂಟಿಸಿದರೆ 299792448 ಆಗಿಬಿಡಬಹುದು. ಹತ್ತು ಮೀಟರ್ ಮಾಯ!

ಜಾನ್ ಬ್ಯಾಕಸ್ ಅವರ ತಂಡ ಐಬಿಎಂನಲ್ಲಿ ರೂಪಿಸಿ 1957ರಲ್ಲಿ ಹೊರತಂದ ಫೋರ್ಟ್ರಾನ್, ಹವಾಮಾನ ಮತ್ತು ಭೌತವಿಜ್ಞಾನದ ದೊಡ್ಡ ಲೆಕ್ಕಗಳಿಗೆ ಇಂದಿಗೂ ಬೇಕು. ಗ್ನೂ ಸೈಂಟಿಫಿಕ್ ಲೈಬ್ರರಿ, ಅಂದರೆ ಜಿಎಸ್ಎಲ್, ಸಿ ಭಾಷೆಯದು. ಗಣಿತದ ಫಂಕ್ಷನ್‌ಗಳ ಜೊತೆಗೆ ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕದಂಥ ಬೆಲೆಗಳೂ ಅದರಲ್ಲಿವೆ. ಫೋರ್ಟ್ರಾನ್ 2003ರಲ್ಲಿ ಸಿ ಜೊತೆ ಕೈಜೋಡಿಸುವ ಅಧಿಕೃತ ವ್ಯವಸ್ಥೆ ಬಂದ ಮೇಲೆ ಫಂಕ್ಷನ್‌ಗಳನ್ನು ಕರೆಯುವುದು ಸಲೀಸು. ಸ್ಥಿರಾಂಕಗಳು ಮಾತ್ರ ಕೈಗೆ ಸಿಗುವುದಿಲ್ಲ.

ಕಾರಣ, ಅವು ಮ್ಯಾಕ್ರೋಗಳು. ಕಂಪೈಲರ್ ಕೆಲಸ ಶುರುಮಾಡುವ ಮೊದಲೇ ಹೆಸರಿದ್ದ ಜಾಗದಲ್ಲಿ ಅಂಕಿ ಬಂದು ಕೂರುತ್ತದೆ, ಹೆಸರು ಅಳಿಯುತ್ತದೆ. ಸಾರಿಗೆ ಹಾಕಿದ ಉಪ್ಪಿನ ಹಾಗೆ: ರುಚಿಯಲ್ಲಿದೆ, ಸೌಟಿಗೆ ಸಿಗುವುದಿಲ್ಲ. ಹಾಗಾಗಿಯೇ ಜಿಎಸ್ಎಲ್‌ನ ಫೋರ್ಟ್ರಾನ್ ಸೇತುವೆಯಾದ ಎಫ್‌ಜಿಎಸ್ಎಲ್‌ನಲ್ಲಿ ಈ ಬೆಲೆಗಳನ್ನು ಫೋರ್ಟ್ರಾನಿನಲ್ಲೇ ಮತ್ತೆ ಬರೆದಿಟ್ಟಿದ್ದಾರೆ. ನಾಲ್ಕು ಸಾಲಿನ ಸಿ ಕಡತದಲ್ಲಿ ಮ್ಯಾಕ್ರೋದ ಬೆಲೆಯನ್ನು ನಿಜವಾದ ವೇರಿಯಬಲ್‌ಗೆ ತುಂಬಿ, ಅದನ್ನು ಫೋರ್ಟ್ರಾನಿಗೆ ಕಾಣಿಸುವುದು ಇನ್ನೊಂದು ದಾರಿ. ನನಗೆ ಇದೇ ಹೆಚ್ಚು ಇಷ್ಟ; ಅಂಕಿ ಒಂದೇ ಕಡೆ ಉಳಿಯುತ್ತದೆ.

ಕೈಯಿಂದ ನಕಲು ಮಾಡುವವರಿಗೆ ಕಾದಿರುವುದು ಆ ಹತ್ತು ಮೀಟರಿನ ಗುಂಡಿ. 2.99792458e8 ಎಂದು ಬರೆದರೆ ಸಿ ಅದನ್ನು ಡಬಲ್ ಎಂದು ಓದುತ್ತದೆ, ಸುಮಾರು 16 ಅಂಕಿಗಳ ನಿಖರತೆ. ಫೋರ್ಟ್ರಾನ್ ಅದೇ ಬರಹವನ್ನು ಸಾಮಾನ್ಯವಾಗಿ ಸಿಂಗಲ್ ಎಂದು ಓದುತ್ತದೆ, ಸುಮಾರು ಏಳೇ ಅಂಕಿ. ಎಡಗಡೆಯ ವೇರಿಯಬಲ್ ಡಬಲ್ ಆಗಿದ್ದರೂ ಉಪಯೋಗವಿಲ್ಲ, ಬಲಗಡೆಯ ಅಂಕಿ ಮೊದಲೇ ಸವೆದಿರುತ್ತದೆ. ಎಷ್ಟೋ ಸಲ ಕಂಪೈಲರ್ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಲೇಸರ್ ಬಿಟ್ಟು ಚಂದ್ರನ ದೂರವನ್ನು ಸೆಂಟಿಮೀಟರ್ ಮಟ್ಟಕ್ಕೆ ಅಳೆಯುವ ಲೆಕ್ಕದಲ್ಲಿ ಈ ತಪ್ಪು ನುಸುಳಿದರೆ ಉತ್ತರ ಸುಮಾರು 13 ಮೀಟರ್ ತಪ್ಪುತ್ತದೆ. ಪರಿಹಾರ ಒಂದೇ ಅಕ್ಷರ: e ಬದಲು d.

ನಕಲಿಗೆ ವಯಸ್ಸೂ ಆಗುತ್ತದೆ. 2006ರ ಶಿಫಾರಸಿನಲ್ಲಿ 6.62606896 ಎಂದು ಶುರುವಾಗುತ್ತಿದ್ದ ಪ್ಲಾಂಕ್ ಸ್ಥಿರಾಂಕ, 2019ರ ಮೇ 20ರಿಂದ 6.62607015 ಎಂದು ಖಾಯಂ ಆಗಿದೆ. ನಿಮ್ಮ ಪ್ರೋಗ್ರಾಮಿನಲ್ಲಿ ಯಾವುದಿದೆ? 16 ಅಂಕಿಗಳವರೆಗೆ ಒಮ್ಮೆ ಪ್ರಿಂಟ್ ಮಾಡಿ ನೋಡಿ.