ಯಂತ್ರದ ಮೇಲಿನ ಮುದ್ರೆ ಹೇಳುವುದೇನು?

ಕಳೆದ ತಿಂಗಳು ನುಂಗಂಬಾಕ್ಕಂನ ನಮ್ಮ ಉಚಿತ ವಾಚನಾಲಯಕ್ಕೆ, ಅಂಬತ್ತೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ದುಡಿಯುವ ತರುಣರೊಬ್ಬರು ಬಂದಿದ್ದರು. ತಮ್ಮಲ್ಲಿಗೆ ಹೊಸದಾಗಿ ಬಂದ ಯಂತ್ರದ ಮೇಲೆ 'ಸಿ.ಇ.' ಎಂಬ ಎರಡು ಅಕ್ಷರಗಳಿವೆಯೆಂದು ಹೇಳಿ, "ಯೂರೋಪಿನ ಸರಕಾರದವರೇ ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆ, ಇನ್ನು ಭಯವಿಲ್ಲವಲ್ಲ ಸಾರ್?" ಎಂದು ಕೇಳಿದರು. ಮಿಲ್ಲಿನ ಗುಮಾಸ್ತಗಿರಿಯಲ್ಲಿ ಇಂಥ ಕಾಗದಗಳನ್ನು ಫೈಲಿಗೆ ಸೇರಿಸುವ ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಆದಕಾರಣ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಸಿ.ಇ. ಎಂಬುದು 'ಯೂರೋಪಿನ ನಿಯಮಗಳಿಗೆ ಅನುಗುಣ' ಎಂಬರ್ಥದ ಫ್ರೆಂಚ್ ಮಾತಿನ ಮೊದಲಕ್ಷರಗಳು. ಇದು ಸರಕಾರ ಕೊಡುವ ಸರ್ಟಿಫಿಕೇಟಲ್ಲ. ಹೆಚ್ಚಿನ ಯಂತ್ರಗಳ ವಿಷಯದಲ್ಲಿ ತಯಾರಕನೇ ಅಪಾಯಗಳನ್ನು ಲೆಕ್ಕಹಾಕಿ, ಪರೀಕ್ಷೆ ಮಾಡಿ, 'ನಿಯಮದಂತಿದೆ' ಎಂದು ರುಜು ಹಾಕಿ, ಮುದ್ರೆಯನ್ನು ತಾನೇ ಹಚ್ಚುತ್ತಾನೆ. ಅಪಾಯ ಹೆಚ್ಚಿರುವ ಕೆಲವು ಬಗೆಯ ಯಂತ್ರಗಳಿಗೆ ಮಾತ್ರ ಹೊರಗಿನ ಸಂಸ್ಥೆಯ ಪರೀಕ್ಷೆ ಬೇಕಾಗುವುದುಂಟು. ಅಕ್ಷರಗಳು ಹತ್ತಿರವಿದ್ದರೆ ಅದು 'ಚೀನಾದ ರಫ್ತು' ಎಂಬ ಬೇರೆ ಮುದ್ರೆ ಎಂದು ಕೆಲವರು ಹೇಳುತ್ತಾರೆ. ಹಾಗೊಂದು ಮುದ್ರೆಯೇ ಇಲ್ಲ.

ತಾನಾಗಿ ಕೆಲಸ ಮಾಡಲಾರದ ಅರೆ ಯಂತ್ರವನ್ನು ಕೊಂಡರೆ ಅದಕ್ಕೆ ಯಂತ್ರದ ನಿಯಮದಂತೆ ಸಿ.ಇ. ಮುದ್ರೆ ಇರದು, ಜೋಡಣೆಯ ಘೋಷಣೆ ಬರುತ್ತದೆ. ಅದನ್ನು ಕೂಡಿಸಿ ಪೂರ್ಣ ಯಂತ್ರ ಮಾಡಿದವನೇ ಒಟ್ಟಿಗೂ ಹೊಣೆ. ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. ೨೦೦೬ರ ಯೂರೋಪಿನ ನಿರ್ದೇಶನದ ಸ್ಥಾನಕ್ಕೆ ೨೦೨೩ರಲ್ಲಿ ಹೊಸ ನಿಯಮವನ್ನು ಮಾಡಿ, ಜಾರಿಗೆ ೨೦೨೭ರ ಜನವರಿ ೨೦ನ್ನು ಗೊತ್ತುಮಾಡಿದರು. ಬ್ರಿಟನ್ ೨೦೨೧ರಲ್ಲಿ ಯು.ಕೆ.ಸಿ.ಎ. ಎಂಬ ತನ್ನದೇ ಮುದ್ರೆಯನ್ನು ತಂದಿತು, ೨೦೨೪ರಲ್ಲಿ ಸಿ.ಇ.ಯನ್ನೂ ಒಪ್ಪುತ್ತ ಹೋಗಲು ಕಾನೂನು ಮಾಡಿತು.

ನಮ್ಮ ಐ.ಎಸ್.ಐ. ಮುದ್ರೆಯ ದಾರಿ ಬೇರೆ. ಇದಕ್ಕೆ ಭಾರತೀಯ ಮಾನಕ ಬ್ಯೂರೋದ ಲೈಸೆನ್ಸು ಬೇಕು. ಅವರು ಕಾರ್ಖಾನೆಯನ್ನು ನೋಡಿ, ಮಾದರಿಯನ್ನು ಪರೀಕ್ಷಿಸುತ್ತಾರೆ. ಮುದ್ರೆಯ ಮೇಲೆ ಮಾನಕದ ಸಂಖ್ಯೆ, ಕೆಳಗೆ ಲೈಸೆನ್ಸಿನ ಸಂಖ್ಯೆ ಇರುತ್ತದೆ. ೨೦೨೪ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಪಂಪು, ಕಂಪ್ರೆಸರು, ಕ್ರೇನು ಮೊದಲಾದ ಯಂತ್ರಗಳಿಗೂ ಬ್ಯೂರೋದ ಮುದ್ರೆ ಕಡ್ಡಾಯವೆಂದು ಆಜ್ಞೆ ಹೊರಡಿಸಿತು. ೨೦೨೫ರಲ್ಲಿ ಜಾರಿಯ ದಿನವನ್ನು ೨೦೨೬ರ ಸೆಪ್ಟೆಂಬರ್ ೧ಕ್ಕೆ ಮುಂದೂಡಿತು. ಸಿ.ಇ. ಇದೆಯೆಂದು ಈ ಆಜ್ಞೆಯಿಂದ ವಿನಾಯಿತಿ ಸಿಗುವುದಿಲ್ಲ.

ಆದರೆ ಯಾವ ಮುದ್ರೆಯೂ ಯಂತ್ರ ತಯಾರಾದ ದಿನದ ಮಾತನ್ನಷ್ಟೇ ಹೇಳುತ್ತದೆ. ಕೆಲವು ವರ್ಷಗಳ ಕೆಳಗೆ ನಾವಿದ್ದ ಮಿಲ್ಲಿನಲ್ಲಿ ಸಿ.ಇ. ಮುದ್ರೆಯ ಯಂತ್ರವೊಂದಿತ್ತು. ಹತ್ತಿಯ ಧೂಳು ತೆಗೆಯಲು ಬಿಚ್ಚಿದ ಗಾರ್ಡನ್ನು, ನಾಳೆ ಮತ್ತೆ ಬಿಚ್ಚಬೇಕಲ್ಲ ಎಂದು, ಗೋಡೆಗೆ ಒರಗಿಸಿಟ್ಟರು. ಮೂರನೆಯ ದಿನ ರಾತ್ರಿ ಪಾಳಿಯ ಕೆಲಸಗಾರರೊಬ್ಬರ ಎರಡು ಬೆರಳು ಹೋದವು. ಅಪಘಾತದ ವರದಿಯನ್ನು ಬರೆದವರು ನಾವು. ಫೈಲಿನಲ್ಲಿ ಆ ಯಂತ್ರದ ಕಾಗದಗಳು ಒಂದೂ ತಪ್ಪಿಲ್ಲದೆ ಇದ್ದವು. ಯಂತ್ರ ಓಡುವಾಗ ಗಾರ್ಡು ತನ್ನ ಸ್ಥಾನದಲ್ಲಿಯೇ ಇರಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆ ವಿಧಿಸಿತ್ತು. ೨೦೨೫ರ ನವೆಂಬರಿನಲ್ಲಿ ಹೊಸ ಸಂಹಿತೆ ಅದರ ಸ್ಥಾನಕ್ಕೆ ಬಂದರೂ ಮಾಲಿಕರ ಹೊಣೆ ತಪ್ಪಿಲ್ಲ.

ಆದ್ದರಿಂದ ಸಿ.ಇ. ಮುದ್ರೆಯ ಯಂತ್ರ ಬಂದಾಗ ತಯಾರಕನ ಹೆಸರು, ವಿಳಾಸ, ತಯಾರಾದ ವರ್ಷ, ಕ್ರಮಸಂಖ್ಯೆ ಇವೆಯೇ ನೋಡಿರಿ. ರುಜು ಇರುವ ಘೋಷಣೆಯನ್ನೂ ಬಳಕೆಯ ಪುಸ್ತಕವನ್ನೂ ಕೇಳಿ ಪಡೆಯಿರಿ. ಅನಂತರ ಕಾಗದವನ್ನು ಬದಿಗಿಟ್ಟು, ಗಾರ್ಡು ಇದೆಯೇ, ನಿಲ್ಲಿಸುವ ಗುಂಡಿ ಕೈಗೆ ಎಟಕುವುದೇ ಎಂದು ಪ್ರತಿದಿನ ಕಣ್ಣಾರೆ ಕಾಣಿರಿ. ಇಂಥ ಕಾಗದ ಅರ್ಥವಾಗದವರು ಅದನ್ನು ವಾಚನಾಲಯಕ್ಕೆ ತಂದರೆ, ಕೂಡಿ ಕುಳಿತು ಕನ್ನಡದಲ್ಲಿ ಓದಿ ಹೇಳಲು ನಾವು ಸಿದ್ಧರಿದ್ದೇವೆ. ಆ ತರುಣರು ಮೊನ್ನೆ ತಮ್ಮದನ್ನು ತಂದಿದ್ದರು.